ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್: ಬಿಪಿ ನೋಡುವವರು ಆ ಪ್ರಶ್ನೆಯನ್ನೂ ಕೇಳಿದರು

ನಮ್ಮ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಕೊನೆಯಲ್ಲಿ, ಔಷಧಿ ಕೊಡುವ ಕಿಟಕಿಯ ಪಕ್ಕ, ಎನ್‌ಸಿಡಿ ಕ್ಲಿನಿಕ್ ಅಂತ ಬೋರ್ಡ್ ಇರುವ ಕೋಣೆಯಿದೆ. ಎನ್‌ಸಿಡಿ ಅಂದರೆ ಒಬ್ಬರಿಂದ ಒಬ್ಬರಿಗೆ ಹರಡದ ಕಾಯಿಲೆಗಳು. ಬಿಪಿ, ಶುಗರ್ ಇರುವವರಿಗೆ ಅಂತಲೇ ಇರುವ ಜಾಗ. 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಅಡಿ ನಡೆಯುವಂಥದ್ದು, ನಮ್ಮ ಕಡೆ ಬೇರೆ ತಾಲ್ಲೂಕುಗಳಲ್ಲೂ ಇದೆ. ಒಬ್ಬ ಡಾಕ್ಟರು, ಒಬ್ಬರು ನರ್ಸ್, ಒಬ್ಬರು ಆಪ್ತಸಮಾಲೋಚಕರು. ದುಡ್ಡು ಕೊಡುವಂತಿಲ್ಲ. ಮಾತ್ರೆಯೂ ಅಲ್ಲೇ ಸಿಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ: ಬಿಪಿ ಇರುವ ಗಂಡಸರಿಗೆ ಬರುವ ನಿಮಿರುವಿಕೆಯ ತೊಂದರೆಯನ್ನೂ ಅಲ್ಲಿ ಕೇಳಿದರು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಟೈಲರ್. ಪೇಟೆ ಬೀದಿಯಲ್ಲಿ ಬ್ಲೌಸ್, ಚೂಡಿದಾರ್ ಹೊಲಿಯುವ ಅಂಗಡಿ. ನಮ್ಮನೆಯವರು ಲಾರಿ ಓಡಿಸುತ್ತಾರೆ, ತಿಪಟೂರಿನಿಂದ ಉತ್ತರದ ಕಡೆಗೆ ಉಂಡೆ ಕೊಬ್ಬರಿ ಲೋಡು. ವಯಸ್ಸು ಐವತ್ತು ದಾಟಿದೆ. ಇದನ್ನೆಲ್ಲ ಬರೆಯಲಾ ಅಂತ ಅವರನ್ನೇ ಕೇಳಿದೆ. "ಬರಿ, ನಮ್ಮ ಡ್ರೈವರುಗಳು ಯಾರಾದರೂ ಓದಲಿ, ಹೆಸರು ಮಾತ್ರ ಬೇಡ" ಅಂದರು.

ಅವರಿಗೆ ಬಿಪಿ ಇದೆ ಅಂತ ಗೊತ್ತಾದಾಗ ಮೊದಲು ತೋರಿಸಿದ್ದು ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ. ಅಟೆನೊಲಾಲ್ ಬರೆದುಕೊಟ್ಟರು, ದಿನಕ್ಕೊಂದು. ಉಪ್ಪು ಕಮ್ಮಿ ಮಾಡಿ ಅಂದರು. ಅಲ್ಲಿಗೆ ಮುಗಿಯಿತು. ಬೇರೆ ಮಾತಿಗೆ ಅಲ್ಲಿ ಪುರುಸೊತ್ತಿರಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಲಾರಿ ಕ್ಯಾಬಿನ್ನಿನ ಹಾಸಿಗೆ ಬಟ್ಟೆ ಒಗೆಯೋಕೆ ತೆಗೆದಾಗ, ಸೀಟಿನ ಹಿಂದಿನ ಡಬ್ಬದಲ್ಲಿ ಒಡೆಯದ ಸ್ಟ್ರಿಪ್ಪುಗಳು ಸಿಕ್ಕವು. ಅವುಗಳ ಜೊತೆಗೇ ಹೆಸರಿಲ್ಲದ ಪುಡಿಕೆಯಲ್ಲಿ ಕಂದು ಬಣ್ಣದ ಮಾತ್ರೆಗಳು. ಹೆದ್ದಾರಿ ಪಕ್ಕ ಗುಡಾರ ಹಾಕಿಕೊಂಡು 'ನರದೌರ್ಬಲ್ಯ' ಅಂತ ಬ್ಯಾನರ್ ಕಟ್ಟಿರುತ್ತಾರಲ್ಲ, ಅಲ್ಲಿಂದ ತಂದದ್ದು. ನನಗೆ ಎಲ್ಲ ಅರ್ಥವಾಯಿತು. ರಾತ್ರಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದದ್ದು, ನಾಲ್ಕು ದಿನ ಮನೆಯಲ್ಲಿರುವ ಅವಕಾಶವಿದ್ದರೂ ಎರಡೇ ದಿನಕ್ಕೆ ಲೋಡು ಹಿಡಿದು ಹೊರಡುತ್ತಿದ್ದದ್ದು. ಮಾತ್ರೆಯಿಂದಲೇ ಹೀಗಾಯಿತು ಅಂತ ಅವರು ತೀರ್ಮಾನ ಮಾಡಿಕೊಂಡಿದ್ದರು. ಅಡ್ಡೆಯಲ್ಲಿ ಯಾರೋ ಹೇಳಿದ್ದರಂತೆ, ಬಿಪಿ ಮಾತ್ರೆ ತಿಂದರೆ ಗಂಡಸುತನ ಹೋಗುತ್ತದೆ ಅಂತ.

ಆಶಾ ಕಾರ್ಯಕರ್ತೆಯೊಬ್ಬರು ನನ್ನ ಗಿರಾಕಿ. ಇಬ್ಬರೂ ಒಟ್ಟಿಗೆ ಎನ್‌ಸಿಡಿ ಕೋಣೆಗೆ ಹೋಗಿ, ಅಲ್ಲಿನ ಡಾಕ್ಟರು ಕೂರಿಸಿ ಮಾತಾಡುತ್ತಾರೆ ಅಂತ ಅವರೇ ಹೇಳಿದ್ದು.

ಮೊದಲು ಬಿಪಿ ನೋಡಿದ ರೀತಿ ಹೇಳುತ್ತೇನೆ. ನರ್ಸ್ ಅವರನ್ನು ಬಂದ ತಕ್ಷಣ ಕುರ್ಚಿಗೆ ಕೂರಿಸಿ ಪಟ್ಟಿ ಕಟ್ಟಲಿಲ್ಲ. "ಅಣ್ಣಾ, ಬೀಡಿ ಸೇದಿ ಬಂದ್ರಾ? ಟೀ ಕುಡಿದ್ರಾ?" ಅಂತ ಕೇಳಿದರು. ಅರ್ಧ ಗಂಟೆ ಆಗಿಲ್ಲ ಅಂದಿದ್ದಕ್ಕೆ ಬೆಂಚಿನ ಮೇಲೆ ಕಾಯಿಸಿದರು. ಮೂತ್ರಕ್ಕೆ ಹೋಗಿ ಬರೋದಿದ್ದರೆ ಹೋಗಿ ಬನ್ನಿ ಅಂದರು. ಆಮೇಲೆ ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿಸಿ, ಕಾಲ ಮೇಲೆ ಕಾಲು ಹಾಕಬಾರದು ಅಂತ ಹೇಳಿ, ಐದು ನಿಮಿಷ ಸುಮ್ಮನೆ ಕೂರಿಸಿದರು. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟರು.

ನಮ್ಮನೆಯವರು ಅಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡಿದ್ದರು. ಆ ಮಡಿಕೆ ರಟ್ಟೆಗೆ ಬಿಗಿಯಾಗಿ ಕೂತಿತ್ತು. ಅದು ಬೇಡ, ಅಂಗಿಯಿಂದ ಕೈ ಪೂರ್ತಿ ಹೊರಗೆ ತೆಗೆಯಿರಿ ಅಂದರು ನರ್ಸ್. ಪಟ್ಟಿ ಸುತ್ತಿದಾಗ ನನ್ನ ಕಣ್ಣು ಅಲ್ಲೇ ನೆಟ್ಟಿತು. ಅಂಟು ಪಟ್ಟಿಯ ತುದಿ ಮಾತ್ರ ಹಿಡಿದುಕೊಂಡಿದೆ, ಉಳಿದದ್ದು ಬಿಟ್ಟುಕೊಂಡಿದೆ. ಇಪ್ಪತ್ತು ವರ್ಷದಿಂದ ಅವರ ಅಂಗಿ ಹೊಲಿಯುವವಳು ನಾನೇ. ಅವರ ತೋಳಿನ ಸುತ್ತಳತೆ 35 ಸೆಂಟಿಮೀಟರು. ಪಟ್ಟಿಯ ಮೇಲೆ 22–32 ಅಂತ ಅಚ್ಚಾಗಿತ್ತು. "ಸಿಸ್ಟರ್, ಇದು ಇವರ ಕೈಗೆ ಸಾಲೋದಿಲ್ಲ" ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅಳೆದ ಸಂಖ್ಯೆಯನ್ನು ಬರೆದುಕೊಂಡು, ಒಳಗಿನ ವಾರ್ಡಿನಿಂದ ದೊಡ್ಡ ಪಟ್ಟಿ ತರಿಸಿದರು. ಚಿಕ್ಕದರಲ್ಲಿ 172/106 ಬಂದಿತ್ತು. ದೊಡ್ಡದರಲ್ಲಿ 160/100. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದಾಗಲೂ ಹೆಚ್ಚು ಕಮ್ಮಿ ಅಷ್ಟೇ. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಅನ್ನೋದು ಅವತ್ತು ಕಣ್ಣಾರೆ ಕಂಡೆ. ಹಾಗಂತ ಬಿಪಿ ಇಲ್ಲದೇ ಹೋಗಲಿಲ್ಲ, 160 ಅಂದರೂ ಹೆಚ್ಚೇ. ಆದರೆ ಮಾತ್ರೆಯ ಪ್ರಮಾಣ ನಿರ್ಧಾರವಾಗೋದು ಈ ಸಂಖ್ಯೆಯ ಮೇಲೆ. ತೋಳು ದಪ್ಪ ಇರುವವರು ಎಲ್ಲೇ ಹೋದರೂ ಪಟ್ಟಿಯ ಮೇಲಿನ ಅಳತೆ ನೋಡಿ. ಮನೆಗೆ ಮಷೀನು ಕೊಳ್ಳುವಾಗಲೂ ಟೇಪು ಹಿಡಿದು ರಟ್ಟೆಯ ಮಧ್ಯಭಾಗ ಅಳೆದುಕೊಂಡೇ ಹೋಗಿ.

ಅಲ್ಲಿಂದ ಡಾಕ್ಟರ ಮುಂದೆ. ಮೂವತ್ತೈದರ ಆಸುಪಾಸಿನ ಹುಡುಗ. ಹಳೇ ಚೀಟಿ ನೋಡಿದರು, ಬಿಪಿ ನೋಡಿದರು. "ಮಾತ್ರೆ ಸರಿಯಾಗಿ ತಗೊಳ್ತಾ ಇದ್ದೀರಾ?" ಅಂದರು. ನಮ್ಮನೆಯವರು ತಲೆ ತಗ್ಗಿಸಿದರು. ಡಾಕ್ಟರು ಬೈಯಲಿಲ್ಲ. ಪೆನ್ನು ಕೆಳಗಿಟ್ಟು, ಹಿಂದೆ ನಿಂತಿದ್ದವರನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿಸಿ ಕೇಳಿದರು: "ಯಜಮಾನ್ರೇ, ಗಂಡ ಹೆಂಡತಿ ಸಂಬಂಧದಲ್ಲಿ ಏನಾದರೂ ತೊಂದರೆ ಇದೆಯಾ? ನಿಮಿರೋದು ಕಮ್ಮಿ ಆಗಿದೆಯಾ? ಬಿಪಿ ಇರುವ ತುಂಬಾ ಗಂಡಸರಿಗೆ ಆಗುತ್ತೆ. ಮಾತ್ರೆ ಬಿಡೋದಕ್ಕೂ ಎಷ್ಟೋ ಜನಕ್ಕೆ ಅದೇ ಕಾರಣ."

ಈ ವಿಮರ್ಶೆಯಲ್ಲಿ ನಾನು ಏನಾದರೂ ಅಂಕ ಕೊಡೋದಿದ್ದರೆ ಈ ಪ್ರಶ್ನೆಗೇ ಮೊದಲು. ಇಷ್ಟು ವರ್ಷದಲ್ಲಿ ಅವರನ್ನು ಯಾರೂ ಹೀಗೆ ಕೇಳಿರಲಿಲ್ಲ, ನಾನೂ ಸೇರಿ. ಅವರ ಮುಖ ಕೆಂಪಾಯಿತು, ನನ್ನ ಕಡೆ ನೋಡಿದರು. ನಾನು ಹೊರಗೆ ಇರ್ತೀನಿ ಅಂದೆ. "ಬೇಡ, ಕೂತಿರು" ಅಂದರು. ಆಮೇಲೆ ಬಾಯಿಬಿಟ್ಟರು.

ಡಾಕ್ಟರು ಕೇಳಿದ ಮುಂದಿನ ಪ್ರಶ್ನೆಗಳನ್ನು ಹಾಗೇ ಬರೆಯುತ್ತೇನೆ, ಬೇರೆಯವರಿಗೆ ಉಪಯೋಗವಾಗಬಹುದು. ಯಾವಾಗಿನಿಂದ, ಮಾತ್ರೆ ಶುರು ಮಾಡುವ ಮುಂಚೆಯೋ ಆಮೇಲೋ? ಬೆಳಗಿನ ಜಾವ ಎದ್ದಾಗ ತಾನಾಗಿ ನಿಮಿರುತ್ತದೆಯೋ ಇಲ್ಲವೋ? ಆಸೆಯೇ ಇಲ್ಲವೋ, ಆಸೆ ಇದ್ದೂ ಆಗುತ್ತಿಲ್ಲವೋ? ಎದೆ ಹಿಡಿದುಕೊಳ್ಳುತ್ತದೆಯೇ, ಎರಡು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಬೀಡಿ ಎಷ್ಟು, ಕುಡಿತ ಎಷ್ಟು? ಆಮೇಲೆ ನನ್ನನ್ನು ಕೇಳಿದರು, ರಾತ್ರಿ ಗೊರಕೆ ಹೊಡೆಯುತ್ತಾರಾ, ಗೊರಕೆ ಮಧ್ಯೆ ಉಸಿರು ನಿಂತಂತೆ ಆಗುತ್ತದಾ ಅಂತ. ಆಗುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವ ಆ ತೊಂದರೆ ಬಿಪಿಯನ್ನೂ ಏರಿಸುತ್ತದೆ, ನಿಮಿರುವಿಕೆಗೂ ಪೆಟ್ಟು ಕೊಡುತ್ತದೆ ಅಂತ ಅಲ್ಲೇ ಗೊತ್ತಾಯಿತು.

ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ಗಂಟು ಬಿಚ್ಚಿದ್ದು. ನೆನಪು ಮಾಡಿಕೊಂಡರೆ, ತೊಂದರೆ ಶುರುವಾದದ್ದು ಮಾತ್ರೆಗಿಂತ ಮುಂಚೆ. ಭಾವಮೈದುನನ ಮದುವೆಯ ಹೊತ್ತಿಗೇ ಇತ್ತು. ಅಂದರೆ ಮಾತ್ರೆಯ ಮೇಲೆ ಹಾಕಿದ ಅಪವಾದದಲ್ಲಿ ಹೆಚ್ಚಿನ ಪಾಲು ಬಿಪಿಯದ್ದೇ. ಡಾಕ್ಟರು ತೋಟದ ಲೆಕ್ಕದಲ್ಲಿ ಹೇಳಿದರು: ಡ್ರಿಪ್ ಹಾಕಿದ ತೋಟದಲ್ಲಿ ಕಸ ಕಟ್ಟೋದು ಮೊದಲು ಸಣ್ಣ ನಳಿಕೆಯಲ್ಲಿ, ದೊಡ್ಡ ಪೈಪಿನಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಗಂಡಸಿನ ಅಂಗಕ್ಕೆ ರಕ್ತ ಒಯ್ಯುವ ನಾಳದ ಅಗಲ ಒಂದೆರಡು ಮಿಲಿಮೀಟರು, ಹೃದಯದ ನಾಳದ್ದು ಮೂರು ನಾಲ್ಕು. ರಕ್ತದ ಒತ್ತಡ ವರ್ಷಗಟ್ಟಲೆ ಹೆಚ್ಚಿದ್ದರೆ ನಾಳದ ಒಳಪದರ ಕೆಡುತ್ತದೆ. ಆ ಪದರ ನೈಟ್ರಿಕ್ ಆಕ್ಸೈಡ್ ಅನ್ನುವ ವಸ್ತು ಬಿಡುಗಡೆ ಮಾಡಿದರೆ ತಾನೇ ನಾಳ ಹಿಗ್ಗಿ ರಕ್ತ ತುಂಬಿಕೊಳ್ಳುವುದು? ಅದು ಕಮ್ಮಿಯಾದರೆ ಮನಸ್ಸು ಎಷ್ಟು ಬಯಸಿದರೂ ದೇಹ ಕೇಳುವುದಿಲ್ಲ. ಹಾಗಾಗಿ ಇದು ಹೃದಯದ ತೊಂದರೆ ಕಾಣಿಸಿಕೊಳ್ಳುವ ಎರಡರಿಂದ ಐದು ವರ್ಷ ಮೊದಲೇ ಬರಬಹುದು. "ನಾಚಿಕೆ ವಿಷಯ ಅಂತ ಮುಚ್ಚಿಡಬೇಡಿ, ಇದು ಹೃದಯ ಕೊಡುವ ನೋಟಿಸು" ಅಂದರು. ಅಲ್ಲಿಂದ ಇಸಿಜಿ, ಶುಗರ್, ಕೊಲೆಸ್ಟ್ರಾಲ್, ಕ್ರಿಯೇಟಿನಿನ್, ಮೂತ್ರ ಪರೀಕ್ಷೆ ಎಲ್ಲ ಅದೇ ಆಸ್ಪತ್ರೆಯಲ್ಲಾಯಿತು. ಶುಗರ್ ಅಂಚಿನಲ್ಲಿತ್ತು, ಇಸಿಜಿ ಸರಿಯಿತ್ತು.

ಇನ್ನು ಮಾತ್ರೆಯ ಮಾತು. ಹೆಸರು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆದರೆ ಯಾರಾದರೂ ಓದಿ ನಾಳೆಯೇ ಮಾತ್ರೆ ಬಿಟ್ಟುಬಿಟ್ಟರೆ? ಆದರೆ ಅಡ್ಡೆಯಲ್ಲಿ ಹರಡುವ ಅರ್ಧಂಬರ್ಧ ಮಾತಿಗಿಂತ ಪೂರ್ತಿ ವಿಷಯ ಗೊತ್ತಿರುವುದು ಮೇಲು. ಅಟೆನೊಲಾಲ್‌ನಂಥ ನಾಡಿಯ ವೇಗ ಇಳಿಸುವ ಹಳೆಯ ಬೀಟಾ ಬ್ಲಾಕರ್‌ಗಳು, ಮೂತ್ರ ಹೆಚ್ಚು ಮಾಡಿಸುವ ಹೈಡ್ರೊಕ್ಲೋರೊಥಯಜೈಡ್, ಕ್ಲೋರ್ಥಾಲಿಡೋನ್ ಥರದವು ಕೆಲವರಲ್ಲಿ ನಿಮಿರುವಿಕೆಗೆ ತೊಂದರೆ ಕೊಡಬಹುದು. ಅಮ್ಲೋಡಿಪಿನ್‌ನಿಂದ ಸಾಮಾನ್ಯವಾಗಿ ಆ ತೊಂದರೆ ಇಲ್ಲ. ಲೊಸಾರ್ಟನ್, ಟೆಲ್ಮಿಸಾರ್ಟನ್ ಗುಂಪಿನವು ಈ ವಿಷಯದಲ್ಲಿ ಒಳ್ಳೆಯವು ಅಂತ ಹೆಸರು ಪಡೆದಿವೆ. ಬೀಟಾ ಬ್ಲಾಕರ್ ಬೇಕೇ ಬೇಕು ಅನ್ನುವವರಿಗೆ ನೆಬಿವೊಲಾಲ್ ಇದೆ, ಅದು ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ. ಆಯ್ಕೆ ಇದೆ ಅನ್ನೋದೇ ಇಲ್ಲಿ ಮುಖ್ಯ. ಯಾವುದು ಯಾರಿಗೆ ಅಂತ ಡಾಕ್ಟರೇ ಹೇಳಬೇಕು, ಯಾಕೆಂದರೆ ಹಾರ್ಟ್ ಅಟ್ಯಾಕ್ ಆಗಿರುವವರಿಗೆ ಬೀಟಾ ಬ್ಲಾಕರ್ ಪ್ರಾಣ ಉಳಿಸುವ ಮಾತ್ರೆ. ಅದನ್ನು ದಿಢೀರ್ ಬಿಟ್ಟರೆ ಬಿಪಿಯೂ ನಾಡಿಯೂ ಒಮ್ಮೆಲೇ ನೆಗೆಯುತ್ತವೆ.

ಡಾಕ್ಟರು ಇನ್ನೊಂದು ವಿಷಯ ಹೇಳಿದರು, ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ಇಟಲಿಯಲ್ಲಿ 96 ಗಂಡಸರಿಗೆ ಅಟೆನೊಲಾಲ್ ಕೊಟ್ಟು ನೋಡಿದ ಅಧ್ಯಯನ, 2003ರಲ್ಲಿ ಪ್ರಕಟವಾದದ್ದು. ಒಂದು ಗುಂಪಿಗೆ ಯಾವ ಮಾತ್ರೆ ಅಂತಲೇ ಹೇಳಲಿಲ್ಲ. ಇನ್ನೊಂದಕ್ಕೆ ಹೆಸರು ಹೇಳಿದರು, ಅಡ್ಡಪರಿಣಾಮ ಹೇಳಲಿಲ್ಲ. ಮೂರನೆಯದಕ್ಕೆ ಎರಡನ್ನೂ ಹೇಳಿದರು. ನಿಮಿರುವಿಕೆಯ ತೊಂದರೆ ಕಂಡದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 3.1, ಎರಡನೆಯದರಲ್ಲಿ 15.6, ಮೂರನೆಯದರಲ್ಲಿ 31.2. ಮಾತ್ರೆ ಒಂದೇ, ಹೆದರಿಕೆ ಬೇರೆ ಬೇರೆ. ನಮ್ಮನೆಯವರು ಇದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. ಅಡ್ಡೆಯ ಆ ಮಾತು ತಲೆಗೆ ಹೊಕ್ಕ ಮೇಲೆ ಪ್ರತಿ ರಾತ್ರಿಯೂ ಅವರಿಗೆ ಪರೀಕ್ಷೆಯೇ ಆಗಿತ್ತು.

ಕಂದು ಮಾತ್ರೆಯ ಪುಡಿಕೆಯನ್ನು ನಾನು ಚೀಲದಲ್ಲಿ ತಂದಿದ್ದೆ. ಮೇಜಿನ ಮೇಲಿಟ್ಟೆ. ಡಾಕ್ಟರ ಮುಖ ಗಂಭೀರವಾಯಿತು. ಗಿಡಮೂಲಿಕೆ ಅಂತ ಮಾರುವ ಇಂಥವುಗಳಲ್ಲಿ ನಿಮಿರುವಿಕೆಗೆ ಅಂತ ಕೊಡುವ ಸಿಲ್ಡೆನಾಫಿಲ್ ಔಷಧಿಯನ್ನು ಕಲಬೆರಕೆ ಮಾಡಿರುವುದು ಎಷ್ಟೋ ಸಲ ಪತ್ತೆಯಾಗಿದೆ. ಎಷ್ಟು ಹಾಕಿದ್ದಾರೋ ತಿನ್ನುವವರಿಗೆ ಗೊತ್ತಿರುವುದಿಲ್ಲ. ಸಿಲ್ಡೆನಾಫಿಲ್ ಕೆಟ್ಟ ಔಷಧಿಯಲ್ಲ. ಅದನ್ನು ಮೊದಲು ಪರೀಕ್ಷಿಸಿದ್ದೇ ಎದೆನೋವಿಗೆ ಅಂತ, 1998ರಲ್ಲಿ ಅಮೆರಿಕದಲ್ಲಿ ಈ ತೊಂದರೆಗೆ ಒಪ್ಪಿಗೆ ಸಿಕ್ಕಿತು. ಬಿಪಿ ಹತೋಟಿಯಲ್ಲಿದ್ದರೆ ಬಿಪಿ ಇರುವವರೂ ತೆಗೆದುಕೊಳ್ಳಬಹುದು. ಆದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಅದಕ್ಕೆ ಕಾರಣವೂ ಇದೆ. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಥರದ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಪ್ರಾಣಕ್ಕೇ ಬರುತ್ತದೆ. ಪ್ರಾಸ್ಟೇಟಿಗೆ ಮಾತ್ರೆ ತೆಗೆದುಕೊಳ್ಳುವವರೂ ಮೊದಲೇ ಹೇಳಬೇಕು. ನಮ್ಮನೆಯವರ ಜೊತೆ ಲಾರಿ ಓಡಿಸುವ ಒಬ್ಬರು ಜೇಬಿನಲ್ಲಿ ಸಾರ್ಬಿಟ್ರೇಟ್ ಇಟ್ಟುಕೊಂಡೇ ಓಡಾಡುತ್ತಾರೆ, ಅದೇ ಗುಡಾರದ ಗಿರಾಕಿ ಕೂಡ. ಅವತ್ತೇ ಅವರಿಗೆ ಫೋನ್ ಹೋಯಿತು.

ಇಂಥ ಬ್ಯಾನರ್ ಕಟ್ಟೋದೇ ಕಾನೂನಿಗೆ ವಿರುದ್ಧ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಕೆಲವು ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವಂತಿಲ್ಲ. ಆ ಪಟ್ಟಿಯಲ್ಲಿ ರಕ್ತದೊತ್ತಡವೂ ಇದೆ, ಗಂಡಸರ ಈ ತೊಂದರೆಯೂ ಇದೆ. ಎಪ್ಪತ್ತು ವರ್ಷ ದಾಟಿದ ಕಾನೂನು. ಹೆದ್ದಾರಿಯ ಉದ್ದಕ್ಕೂ ಬ್ಯಾನರ್ ನೇತಾಡುತ್ತಲೇ ಇವೆ ಅನ್ನೋದು ನನಗೆ ಸಿಟ್ಟು ಬರಿಸುವ ಸಂಗತಿ.

ಅಟೆನೊಲಾಲ್ ಬಿಟ್ಟು ತಿಂಗಳುಗಳೇ ಆಗಿದ್ದರಿಂದ ಅದನ್ನು ಮತ್ತೆ ಶುರು ಮಾಡಿಸಲಿಲ್ಲ. ಟೆಲ್ಮಿಸಾರ್ಟನ್ ಕೊಟ್ಟರು, ಆಮೇಲಿನ ಭೇಟಿಯಲ್ಲಿ ಅಮ್ಲೋಡಿಪಿನ್ ಸೇರಿಸಿದರು. ಒಂದು ತಿಂಗಳ ಮಾತ್ರೆ ಒಟ್ಟಿಗೇ ಸಿಗುವುದರಿಂದ ಲಾರಿಯವರಿಗೆ ಅನುಕೂಲ. ಒಮ್ಮೆ ಟೆಲ್ಮಿಸಾರ್ಟನ್ ದಾಸ್ತಾನು ಮುಗಿದಿತ್ತು, ಜನೌಷಧಿ ಅಂಗಡಿಯಲ್ಲಿ ಕೊಂಡೆವು, ಹೊರಗಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಊಟದ ವಿಷಯ ಆಪ್ತಸಮಾಲೋಚಕರು ಹೇಳಿದರು. ದಿನಕ್ಕೆ ಉಪ್ಪು ಐದು ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಡಾಬಾದ ಗ್ರೇವಿ ಎಲ್ಲದರ ಉಪ್ಪೂ ಇದರಲ್ಲೇ ಸೇರಿತು. ಈಗ ಬುತ್ತಿಯಲ್ಲಿ ರಾಗಿ ರೊಟ್ಟಿ, ಹುರುಳಿ ಪಲ್ಯ ಕಟ್ಟಿಕೊಡುತ್ತೇನೆ, ಎರಡು ದಿನದ ಮಟ್ಟಿಗೆ ಅದು ಬರುತ್ತದೆ. ಬೀಡಿ ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು, ಇನ್ನೂ ಪೂರ್ತಿ ಬಿಟ್ಟಿಲ್ಲ.

ಮನೆಗೆ ದೊಡ್ಡ ಪಟ್ಟಿಯ ಮಷೀನು ತಂದಿದ್ದೇವೆ. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯಲ್ಲಿ ನೋಡಿದಾಗ ಗಡಿ 135/85 ಅಂತ ನೆನಪಿಡಿ. ಈಚೆಗೆ ಮನೆಯಲ್ಲಿ ನೋಡಿ ಬರೆದಿಟ್ಟ ಸಂಖ್ಯೆಗಳಲ್ಲಿ ಹೆಚ್ಚಿನವು ಅದರೊಳಗೇ ಇವೆ. ಇನ್ನೊಂದು ವಿಷಯ? ಬಿಪಿ ಇಳಿದ ಕೂಡಲೇ ಎಲ್ಲ ಸರಿಹೋಗುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಕೆಲವು ತಿಂಗಳ ಮೇಲೆ, ಮೆಟ್ಟಿಲು ಹತ್ತಿಸಿ ನೋಡಿ, ಬೇರೆ ಮಾತ್ರೆಗಳ ಪಟ್ಟಿ ಮತ್ತೆ ಕೇಳಿ, ಸಿಲ್ಡೆನಾಫಿಲ್ ಸಣ್ಣ ಪ್ರಮಾಣದಲ್ಲಿ ಬರೆದುಕೊಟ್ಟರು. ಅದು ಬೇಕಾದಾಗ ಮಾತ್ರ. ಈಗ ಅವರು ಮನೆಯಲ್ಲಿರುವ ದಿನಗಳನ್ನು ತಪ್ಪಿಸಿಕೊಳ್ಳುವುದಿಲ್ಲ. ಬಿಪಿ ಮಾತ್ರೆಯನ್ನಂತೂ ಒಂದು ದಿನವೂ ಬಿಟ್ಟಿಲ್ಲ.

ಕೊರತೆಗಳನ್ನೂ ಹೇಳಬೇಕು. ಮಂಗಳವಾರ ಸಂತೆ ದಿನ ಹೋಗಲೇಬೇಡಿ, ನಿಲ್ಲೋದಕ್ಕೂ ಜಾಗವಿರುವುದಿಲ್ಲ. ಅಂಥ ದಿನ ಡಾಕ್ಟರು ಬಾಗಿಲು ಹಾಕಿಸಿ ಮಾತಾಡೋದು ಆಗದ ಮಾತು. ನರ್ಸ್ ಮೇಜಿಗೂ ಸಾಲಿಗೂ ನಡುವೆ ಒಂದು ಪರದೆ ಸಹ ಇಲ್ಲ, ಅಂಗಿ ಬಿಚ್ಚಿ ಕೂತವರನ್ನು ಎಲ್ಲರೂ ನೋಡುತ್ತಿರುತ್ತಾರೆ. ದೊಡ್ಡ ಪಟ್ಟಿಯನ್ನು ಪ್ರತಿ ಸಲವೂ ವಾರ್ಡಿನಿಂದ ತರಿಸಬೇಕು. ಗೊರಕೆಯ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೆ ಬರೆದುಕೊಟ್ಟರು, ಅದರ ಸರದಿ ಇನ್ನೂ ಬಂದಿಲ್ಲ. ಮತ್ತೊಂದು ದೂರು ಹೆಂಗಸಾಗಿ ನನ್ನದು. ಮೂವತ್ತು ದಾಟಿದ ಎಲ್ಲರಿಗೂ ನೋಡುತ್ತೇವೆ ಅಂತ ನನ್ನ ಬಿಪಿಯನ್ನೂ ನೋಡಿದರು, ಒಳ್ಳೆಯದೇ ಆಯಿತು. ಆದರೆ ಬಿಪಿ ಇರುವ ಹೆಂಗಸರನ್ನು ಆ ಪ್ರಶ್ನೆ ಕೇಳಿದ್ದನ್ನು ನಾನು ಕಾಣೆ. ಅವರಿಗೂ ತೊಂದರೆ ಇರುತ್ತದೆ, ಕೇಳಿದರೆ ಹೇಳುತ್ತಾರೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹೋಗುವವರು ಹಳೇ ಚೀಟಿ, ತಿನ್ನುವ ಎಲ್ಲ ಮಾತ್ರೆಯ ಸ್ಟ್ರಿಪ್ಪು, ಗುಡಾರದ್ದೋ ಅಂಗಡಿಯದ್ದೋ ಯಾವ ಪುಡಿಕೆ ಇದ್ದರೂ ಅದನ್ನೂ, ಸಾಧ್ಯವಾದರೆ ಮನೆಯವರನ್ನೂ ಕರೆದುಕೊಂಡು ಬುಧವಾರವೋ ಗುರುವಾರವೋ ಬೆಳಿಗ್ಗೆ ಬೇಗ ಹೋಗಿ. ಡಾಕ್ಟರು ಗಡಿಬಿಡಿಯಲ್ಲಿ ಕೇಳದೇ ಹೋದರೆ ನೀವೇ ಹೇಳಿ. "ಬಿಪಿ ಮಾತ್ರೆ ಶುರುವಾದ ಮೇಲೆ, ಅಥವಾ ಅದಕ್ಕೂ ಮುಂಚೆಯಿಂದ, ಸಂಬಂಧದಲ್ಲಿ ತೊಂದರೆಯಿದೆ" ಅಂದರೆ ಸಾಕು, ಮುಂದಿನದನ್ನು ಅವರು ಕೇಳುತ್ತಾರೆ. ಆಸ್ಪತ್ರೆಯವರು ಇದನ್ನು ಓದಿದರೆ ನನ್ನ ಕೋರಿಕೆ ಎರಡು: ನರ್ಸ್ ಮೇಜಿಗೆ ಒಂದು ಪರದೆ, 32ರಿಂದ 42 ಸೆಂಟಿಮೀಟರಿನ ಒಂದು ಪಟ್ಟಿ. ಪರದೆಯ ಬಟ್ಟೆ ಕೊಡಿಸಿದರೆ ಹೊಲಿಗೆ ಕೂಲಿ ಇಲ್ಲದೆ ನಾನೇ ಹೊಲಿದುಕೊಡುತ್ತೇನೆ.